ಇರಾನ್, 1953: ಅಮೆರಿಕದ ವಿದೇಶಾಂಗ ದಾಖಲೆ ಸಂಪುಟದಲ್ಲಿ ಬಿಟ್ಟುಹೋದದ್ದು ಮತ್ತು ಅದು ಮರಳಿ ಸೇರಿದ ಬಗೆ

ಕಡತಪ್ರಿಯ (ಚರ್ಚೆ ಆರಂಭಿಸಿದವರು)

ಅಮೆರಿಕದ ವಿದೇಶಾಂಗ ಸಂಬಂಧಗಳ ಇತಿಹಾಸವನ್ನು ಗಂಭೀರವಾಗಿ ಓದಹೊರಟ ಯಾರೇ ಆಗಲಿ, ಆ ದೇಶದ ವಿದೇಶಾಂಗ ಇಲಾಖೆಯೇ ಪ್ರಕಟಿಸುವ ದಾಖಲೆ ಸಂಪುಟಗಳನ್ನು ನೋಡದೆ ಮುಂದೆ ಹೋಗಲಾಗದು. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದ 1861ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಆರಂಭವಾದ ಈ ಸರಣಿ ಇಂದಿಗೂ ನಿಂತಿಲ್ಲ. ರಾಯಭಾರಿಗಳು ಕಳುಹಿಸಿದ ತಂತಿ ಸಂದೇಶಗಳು, ಅಧ್ಯಕ್ಷರ ಮುಂದೆ ಇಟ್ಟ ಟಿಪ್ಪಣಿಗಳು, ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳ ನಡವಳಿಗಳು ಇದರಲ್ಲಿ ಒಂದರ ಹಿಂದೆ ಒಂದರಂತೆ ಅಚ್ಚಾಗಿವೆ. 1925ರಲ್ಲಿ ವಿದೇಶಾಂಗ ಸಚಿವ ಫ್ರಾಂಕ್ ಕೆಲಾಗ್ ಅವರ ಕಾಲದಲ್ಲಿ ಹೊರಬಿದ್ದ ಆದೇಶವು, ನೀತಿಯಲ್ಲಿನ ದೋಷವೆಂದು ಯಾರಿಗಾದರೂ ತೋರಬಹುದಾದುದನ್ನು ಮರೆಮಾಚುವ ಉದ್ದೇಶದಿಂದ ಏನನ್ನೂ ಕೈಬಿಡಬಾರದು ಎಂದು ಸಂಪಾದಕರಿಗೆ ಸ್ಪಷ್ಟವಾಗಿ ವಿಧಿಸಿತು. ತನ್ನ ತಪ್ಪುಗಳ ದಾಖಲೆಯನ್ನು ತಾನೇ ಅಚ್ಚು ಹಾಕುತ್ತೇನೆಂದು ಒಂದು ಸರ್ಕಾರ ಬರೆದುಕೊಟ್ಟ ಮಾತು ಅದು. ಆ ಮಾತು ಹೇಗೆ ಮುರಿಯಿತು, ಮುರಿದ ಮೇಲೆ ಏನಾಯಿತು ಎಂಬುದನ್ನು ಒಂದೇ ಪ್ರಕರಣದ ಮೂಲಕ ಇಲ್ಲಿ ಚರ್ಚಿಸೋಣವೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

1989ರಲ್ಲಿ ಈ ಸರಣಿಯ ಒಂದು ಸಂಪುಟ ಪ್ರಕಟವಾಯಿತು. ವಿಷಯ ಇರಾನ್, ಅವಧಿ 1951ರಿಂದ 1954. ಸಾವಿರಕ್ಕೂ ಹೆಚ್ಚು ಪುಟಗಳ ಆ ಗ್ರಂಥದಲ್ಲಿ ತೈಲ ವಿವಾದವಿದೆ, ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರೊಂದಿಗೆ ನಡೆದ ಸುದೀರ್ಘ ಮಾತುಕತೆಗಳಿವೆ, ರಾಯಭಾರಿ ಲಾಯ್ ಹೆಂಡರ್ಸನ್ ಅವರ ವರದಿಗಳಿವೆ. 1953ರ ಆಗಸ್ಟ್ 19ರಂದು ಮೊಸಾದೆಗ್ ಪದಚ್ಯುತರಾದ ಸಂಗತಿಯೂ ಇದೆ. ಆದರೆ ಆ ಪದಚ್ಯುತಿಯನ್ನು ಅಮೆರಿಕದ ಸಿಐಎ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಕೂಡಿ ಯೋಜಿಸಿದ್ದವು, ಅದಕ್ಕೆ ಹಣ ಸುರಿದಿದ್ದವು, ಥಿಯೋಡರ್ ರೂಸ್‌ವೆಲ್ಟ್ ಅವರ ಮೊಮ್ಮಗ ಕರ್ಮಿಟ್ ರೂಸ್‌ವೆಲ್ಟ್ ಟೆಹರಾನಿನಲ್ಲೇ ಕುಳಿತು ಅದನ್ನು ನಡೆಸಿದ್ದರು ಎಂಬುದರ ಸುಳಿವೇ ಇಲ್ಲ. ಇದನ್ನು ಅಜ್ಞಾನದಿಂದಾದ ಲೋಪವೆನ್ನಲು ಸಾಧ್ಯವಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಕರ್ಮಿಟ್ ರೂಸ್‌ವೆಲ್ಟ್ ಅವರೇ ತಮ್ಮ ಪಾತ್ರದ ಕುರಿತು ಪುಸ್ತಕ ಬರೆದು ಪ್ರಕಟಿಸಿ ಹತ್ತು ವರ್ಷವಾಗಿತ್ತು. ಜಗತ್ತಿಗೇ ಗೊತ್ತಿದ್ದ ಸಂಗತಿ ಅಧಿಕೃತ ಇತಿಹಾಸಕ್ಕೆ ಮಾತ್ರ ಗೊತ್ತಿರಲಿಲ್ಲ.

ಘಟನೆಯ ಚೌಕಟ್ಟು ಸಂಕ್ಷೇಪವಾಗಿ ಹೀಗಿದೆ. 1951ರ ವಸಂತದಲ್ಲಿ ಇರಾನಿನ ಸಂಸತ್ತು ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿತು ಮತ್ತು ಮೊಸಾದೆಗ್ ಪ್ರಧಾನಿಯಾದರು. ಆಂಗ್ಲೋ-ಇರಾನಿಯನ್ ತೈಲ ಕಂಪನಿಯ ಹಿಡಿತ ತಪ್ಪಿದ ಬ್ರಿಟನ್, ಇರಾನಿನ ತೈಲವನ್ನು ಯಾರೂ ಕೊಳ್ಳದಂತೆ ತಡೆಯೊಡ್ಡಿತು. 1953ರ ಆಗಸ್ಟ್ 15ರ ನಡುರಾತ್ರಿ, ಮೊಸಾದೆಗ್ ಅವರನ್ನು ವಜಾಗೊಳಿಸುವ, ಇರಾನಿನ ದೊರೆ ಷಾ ಅವರ ಫರ್ಮಾನನ್ನು (ರಾಜಾಜ್ಞೆಯನ್ನು) ಹಿಡಿದು ಕರ್ನಲ್ ನಸ್ಸಿರಿ ಪ್ರಧಾನಿಯ ಮನೆಗೆ ಹೋದರು. ಮುನ್ಸೂಚನೆ ಸಿಕ್ಕಿದ್ದ ಮೊಸಾದೆಗ್ ಪಡೆ ಅವರನ್ನು ಅಲ್ಲಿಯೇ ಬಂಧಿಸಿತು. ಷಾ ಬಾಗ್ದಾದಿಗೆ, ಅಲ್ಲಿಂದ ರೋಮ್‌ಗೆ ಓಡಿಹೋದರು. ನಾಲ್ಕು ದಿನಗಳ ಅಂತರದಲ್ಲಿ, ಆಗಸ್ಟ್ 19ರಂದು, ದಕ್ಷಿಣ ಟೆಹರಾನಿನಿಂದ ಹೊರಟ ಗುಂಪುಗಳೂ ಸೇನೆಯ ಟ್ಯಾಂಕುಗಳೂ ಸೇರಿ ಆಕಾಶವಾಣಿ ಕೇಂದ್ರವನ್ನು ಹಿಡಿದುಕೊಂಡವು, ಮೊಸಾದೆಗ್ ಅವರ ಮನೆಯ ಮೇಲೆ ಗುಂಡಿನ ದಾಳಿ ನಡೆಯಿತು, ಜನರಲ್ ಜಹೇದಿ ಪ್ರಧಾನಿಯಾದರು. ಮೊಸಾದೆಗ್ ಮೂರು ವರ್ಷ ಸೆರೆಮನೆಯಲ್ಲಿದ್ದು, ಬಳಿಕ 1967ರಲ್ಲಿ ಸಾಯುವವರೆಗೂ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯಲ್ಲಿ ಗೃಹಬಂಧನದಲ್ಲಿದ್ದರು.

ನನ್ನ ವಾದವಿಷ್ಟು: ಅಮೆರಿಕದ ವಿದೇಶಾಂಗ ದಾಖಲೆಗಳು ಇಂದು ನಂಬಲರ್ಹವಾಗಿದ್ದರೆ, ಅದಕ್ಕೆ ಆ ಸರ್ಕಾರದ ಔದಾರ್ಯ ಕಾರಣವಲ್ಲ. ಹೊರಗಿನ ಇತಿಹಾಸಕಾರರು ಪಟ್ಟುಹಿಡಿದು, ರಾಜೀನಾಮೆ ಕೊಟ್ಟು, ಕಾನೂನು ಬರುವಂತೆ ಮಾಡಿದ್ದರಿಂದಲೇ ಅದು ಸಾಧ್ಯವಾಯಿತು. 1990ರಲ್ಲಿ, ಈ ಸರಣಿಗೆ ಸಲಹೆ ನೀಡುವ ಹೊರಗಿನ ವಿದ್ವಾಂಸರ ಸಮಿತಿಯ ಅಧ್ಯಕ್ಷರಾಗಿದ್ದ ಇತಿಹಾಸಕಾರ ವಾರೆನ್ ಕೋಹೆನ್ ಅವರು, ಪ್ರಕಟವಾಗುತ್ತಿರುವ ಸಂಪುಟಗಳ ಪ್ರಾಮಾಣಿಕತೆಗೆ ತಾವು ಮುದ್ರೆ ಒತ್ತಲಾರೆವೆಂದು ಹುದ್ದೆ ತೊರೆದರು. ಆ ರಾಜೀನಾಮೆ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಸಂಸತ್ತಿನವರೆಗೂ ಹೋಯಿತು. ಮುಂದಿನದನ್ನು ಇತರ ಸದಸ್ಯರ ಮಾತು ಕೇಳಿದ ಮೇಲೆ ಬರೆಯುತ್ತೇನೆ.

ಬಯಲುಸೀಮೆಯವ

ಬರಹಕ್ಕೆ ಧನ್ಯವಾದಗಳು, ಕಡತಪ್ರಿಯರೇ. ಒಂದು ಪ್ರಶ್ನೆ ಉಳಿಯಿತು. 1951ರಲ್ಲಿ ಇದೇ ಮೊಸಾದೆಗ್ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟ್ರೂಮನ್ ಅವರನ್ನು ಭೇಟಿಯಾಗಿದ್ದರು, ಅಮೆರಿಕದವರು ಅವರನ್ನು ಗೌರವದಿಂದಲೇ ನಡೆಸಿಕೊಂಡಿದ್ದರು ಎಂದು ಓದಿದ್ದೇನೆ. ಎರಡೇ ವರ್ಷಗಳೊಳಗೆ ಅದೇ ದೇಶ ಅವರನ್ನು ಉರುಳಿಸಲು ಹೊರಟಿತೆಂದರೆ ನಡುವೆ ಬದಲಾದದ್ದು ಏನು? ತೈಲದ ಆಸೆಯೇ, ಸೋವಿಯತ್ ಭಯವೇ, ಅಥವಾ ಬರಿಯ ಅಧ್ಯಕ್ಷರ ಬದಲಾವಣೆಯೇ?

ಪತ್ರಾಗಾರ

ಬಯಲುಸೀಮೆಯವರ ಪ್ರಶ್ನೆಗೆ ಉತ್ತರಿಸಲು ಮೊದಲು ಹಣದ ಲೆಕ್ಕ ನೋಡಬೇಕು. 1914ರಿಂದಲೇ ಆ ತೈಲ ಕಂಪನಿಯ ಬಹುಪಾಲು ಷೇರು ಬ್ರಿಟಿಷ್ ಸರ್ಕಾರದ ಕೈಯಲ್ಲಿತ್ತು. ಅಬಾದಾನಿನಲ್ಲಿದ್ದ ಅದರ ತೈಲ ಶುದ್ಧೀಕರಣ ಘಟಕ ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದು. ಆದರೂ 1950ರ ಹೊತ್ತಿಗೆ ಇರಾನಿಗೆ ರಾಯಧನವಾಗಿ ಸಿಗುತ್ತಿದ್ದುದಕ್ಕಿಂತ, ಅದೇ ತೈಲದ ಲಾಭದ ಮೇಲೆ ಲಂಡನ್ನಿನ ಬೊಕ್ಕಸಕ್ಕೆ ತೆರಿಗೆಯಾಗಿ ಹೋಗುತ್ತಿದ್ದ ಹಣವೇ ಹೆಚ್ಚಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಪಕ್ಕದ ಸೌದಿ ಅರೇಬಿಯಾದಲ್ಲಿ ಅಮೆರಿಕದ ಆರಾಮ್ಕೊ ಕಂಪನಿ ಲಾಭದಲ್ಲಿ ಅರ್ಧಕ್ಕರ್ಧ ಹಂಚಿಕೊಳ್ಳಲು ಒಪ್ಪಿದ ಮೇಲೆ, ಬ್ರಿಟಿಷ್ ಕಂಪನಿಯ ಹಳೆಯ ಒಪ್ಪಂದವನ್ನು ಸಮರ್ಥಿಸಿಕೊಳ್ಳಲು ಟೆಹರಾನಿನ ಯಾವ ರಾಜಕಾರಣಿಗೂ ಧೈರ್ಯ ಉಳಿಯಲಿಲ್ಲ. ರಾಷ್ಟ್ರೀಕರಣವನ್ನು ವಿರೋಧಿಸಿದ್ದ ಪ್ರಧಾನಿ ರಜ್ಮಾರಾ 1951ರ ಮಾರ್ಚ್ 7ರಂದು ಹತ್ಯೆಯಾದರು.

ಟ್ರೂಮನ್ ಸರ್ಕಾರದ ನಿಲುವಿಗೆ ಎರಡು ಮುಖಗಳಿದ್ದವು. ರಾಷ್ಟ್ರೀಕರಣದ ಹಕ್ಕನ್ನು ಅದು ತಾತ್ವಿಕವಾಗಿ ಅಲ್ಲಗಳೆಯಲಿಲ್ಲ, ಬ್ರಿಟನ್ ಅಬಾದಾನಿಗೆ ಸೇನೆ ಕಳುಹಿಸುವುದನ್ನು ಒಪ್ಪಲೂ ಇಲ್ಲ. ಮೊಸಾದೆಗ್ ಅಮೆರಿಕಕ್ಕೆ ಬಂದಾಗ ಸಹಾಯಕ ವಿದೇಶಾಂಗ ಸಚಿವ ಜಾರ್ಜ್ ಮೆಕ್‌ಘೀ ಅವರು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಗಂಟೆಗಟ್ಟಲೆ ಮಾತನಾಡಿ ಒಂದು ಸೂತ್ರವನ್ನು ಹೆಣೆದರು. ಲಂಡನ್ನಿನಲ್ಲಿ ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಚರ್ಚಿಲ್ ಸರ್ಕಾರ ಅದನ್ನು ತಳ್ಳಿಹಾಕಿತು. ಮರುವರ್ಷ ವಿಶ್ವಬ್ಯಾಂಕ್ ಮಧ್ಯಸ್ಥಿಕೆಯೂ ಫಲಿಸಲಿಲ್ಲ. ಅತ್ತ ಅಮೆರಿಕದ ದೊಡ್ಡ ತೈಲ ಕಂಪನಿಗಳು ಬ್ರಿಟನ್ನಿನ ಬಹಿಷ್ಕಾರವನ್ನು ಮುರಿಯಲಿಲ್ಲ, ಟ್ರೂಮನ್ ಸರ್ಕಾರವೂ ಮುರಿಯುವಂತೆ ಅವುಗಳನ್ನು ಒತ್ತಾಯಿಸಲಿಲ್ಲ. ಇದನ್ನು ಗಮನಿಸದೆ ಟ್ರೂಮನ್ ಒಳ್ಳೆಯವರು, ಐಸೆನ್‌ಹೋವರ್ ಕೆಟ್ಟವರು ಎಂದು ಬರೆದರೆ ಚಿತ್ರ ಅರ್ಧವಾಗುತ್ತದೆ.

1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧಿಕಾರ ವಹಿಸಿಕೊಂಡಾಗ ವಿದೇಶಾಂಗ ಸಚಿವರಾಗಿ ಜಾನ್ ಫಾಸ್ಟರ್ ಡಲಸ್, ಸಿಐಎ ಮುಖ್ಯಸ್ಥರಾಗಿ ಅವರ ತಮ್ಮ ಅಲೆನ್ ಡಲಸ್ ಬಂದರು. ಒಂದೇ ಮನೆಯ ಇಬ್ಬರು ಬಹಿರಂಗ ರಾಜತಂತ್ರವನ್ನೂ ರಹಸ್ಯ ಕಾರ್ಯಾಚರಣೆಯನ್ನೂ ಹಂಚಿಕೊಂಡು ಕುಳಿತಿದ್ದು ನಿರ್ಧಾರಗಳನ್ನು ಸಲೀಸಾಗಿಸಿತು. ಮೊಸಾದೆಗ್ 1952ರ ಅಕ್ಟೋಬರಿನಲ್ಲಿ ಬ್ರಿಟನ್ನಿನೊಂದಿಗೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿದ್ದರಿಂದ ಬ್ರಿಟಿಷ್ ಗುಪ್ತಚರರು ಟೆಹರಾನಿನಲ್ಲಿ ನೆಲೆ ಕಳೆದುಕೊಂಡಿದ್ದರು. ಹಾಗಾಗಿ ತಾವು ಬೆಳೆಸಿದ್ದ ಸ್ಥಳೀಯ ಸಂಪರ್ಕಗಳನ್ನು ಅಮೆರಿಕದವರ ಕೈಗೆ ಒಪ್ಪಿಸುವುದು ಬ್ರಿಟನ್ನಿಗೂ ಅನಿವಾರ್ಯವಾಗಿತ್ತು. ತೈಲದ ಮಾತನ್ನು ಮುಂದಿಟ್ಟರೆ ವಾಷಿಂಗ್ಟನ್ ಕದಲುವುದಿಲ್ಲ, ಕಮ್ಯುನಿಸ್ಟ್ ತುದೆ ಪಕ್ಷದ ಅಪಾಯವನ್ನು ಮುಂದಿಟ್ಟರೆ ಕದಲುತ್ತದೆ ಎಂಬುದನ್ನು ಲಂಡನ್ ಚೆನ್ನಾಗಿ ಅರಿತಿತ್ತು.

ಫಲಿತಾಂಶದಲ್ಲಿ ಎರಡೂ ಕಾರಣಗಳ ಗುರುತು ಇದೆ. ಕ್ಷಿಪ್ರಕ್ರಾಂತಿಯ ಮರುತಿಂಗಳೇ ಜಹೇದಿ ಸರ್ಕಾರಕ್ಕೆ 4.5 ಕೋಟಿ ಡಾಲರ್ ತುರ್ತು ನೆರವು ಘೋಷಣೆಯಾಯಿತು. ಇರಾನಿನ ತೈಲೋದ್ಯಮವನ್ನು ನಡೆಸಲು 1954ರಲ್ಲಿ ರಚನೆಯಾದ ವಿದೇಶಿ ಕಂಪನಿಗಳ ಒಕ್ಕೂಟದಲ್ಲಿ ಹಳೆಯ ಬ್ರಿಟಿಷ್ ಕಂಪನಿಗೆ ಶೇ 40, ಅಮೆರಿಕದ ಕಂಪನಿಗಳಿಗೆ ಒಟ್ಟಾಗಿ ಶೇ 40, ಶೆಲ್‌ಗೆ ಶೇ 14, ಫ್ರೆಂಚ್ ಕಂಪನಿಗೆ ಶೇ 6 ಪಾಲು ಬಂತು. ಮೂರು ವರ್ಷ ಹಿಂದೆ ಇರಾನಿನ ತೈಲದಲ್ಲಿ ಅಮೆರಿಕದ ಕಂಪನಿಗಳ ಪಾಲು ಸೊನ್ನೆಯಾಗಿತ್ತು.

ಸಂದೇಹಿ

ಇಲ್ಲಿಯವರೆಗಿನ ಬರಹಗಳಲ್ಲಿ ಇರಾನಿನವರು ಎಲ್ಲಿ ಹೋದರು ಎಂದು ನಾನು ಗೌರವಪೂರ್ವಕವಾಗಿ ಕೇಳಬಯಸುತ್ತೇನೆ. ಇಡೀ ಘಟನೆಯನ್ನು ಹೊರಗಿನವರ ಕೈವಾಡವೆಂದು ಬಣ್ಣಿಸುವುದು, ಮೇಲ್ನೋಟಕ್ಕೆ ಸಾಮ್ರಾಜ್ಯಶಾಹಿಯ ಟೀಕೆಯಂತೆ ಕಂಡರೂ, ಸಿಐಎ ತನ್ನ ಬಗ್ಗೆ ತಾನೇ ಹೇಳಿಕೊಂಡ ಪರಾಕ್ರಮದ ಕತೆಯನ್ನು ಒಪ್ಪಿಕೊಂಡಂತೆಯೇ ಆಗುತ್ತದೆ.

1953ರ ಬೇಸಗೆಯ ಹೊತ್ತಿಗೆ ಮೊಸಾದೆಗ್ ಅವರ ಸುತ್ತಲಿನ ರಾಷ್ಟ್ರೀಯ ರಂಗ ಒಡೆದುಹೋಗಿತ್ತು. ರಾಷ್ಟ್ರೀಕರಣದ ಹೋರಾಟದಲ್ಲಿ ಜನರನ್ನು ಬೀದಿಗಿಳಿಸಿದ್ದ ಧರ್ಮಗುರು ಅಯತೊಲ್ಲಾ ಕಾಶಾನಿ ಈಗ ಮೊಸಾದೆಗ್ ವಿರುದ್ಧವೇ ತಿರುಗಿ ನಿಂತಿದ್ದರು. ತೈಲದ ಆದಾಯ ನಿಂತು ಖಜಾನೆ ಬರಿದಾಗಿತ್ತು. ಆಗಸ್ಟ್ ಆರಂಭದಲ್ಲಿ ಸಂಸತ್ತನ್ನು ವಿಸರ್ಜಿಸಲು ಮೊಸಾದೆಗ್ ಜನಮತಗಣನೆ ನಡೆಸಿದರು. ಅದರಲ್ಲಿ ಹೌದು ಎನ್ನುವವರಿಗೂ ಅಲ್ಲ ಎನ್ನುವವರಿಗೂ ಬೇರೆ ಬೇರೆ ಮತಗಟ್ಟೆಗಳಿದ್ದವು, ಅಂದರೆ ಮತದ ಗೋಪ್ಯತೆಯೇ ಇರಲಿಲ್ಲ. ಶೇ 99ಕ್ಕೂ ಮೇಲ್ಪಟ್ಟು ಮತ ಅವರ ಪರ ಬಿದ್ದಿತು. ಪ್ರಜಾಪ್ರಭುತ್ವದ ಹುತಾತ್ಮರೆಂದು ಇಂದು ನಾವು ಸ್ಮರಿಸುವ ವ್ಯಕ್ತಿಯ ಕೊನೆಯ ರಾಜಕೀಯ ನಡೆ ಇದು.

ಇನ್ನು ಆಗಸ್ಟ್ 16ರಂದು ಸಿಐಎ ಯೋಜನೆ ವಿಫಲವಾಗಿತ್ತು ಎಂಬುದನ್ನು ಕಡತಪ್ರಿಯರೇ ಬರೆದಿದ್ದಾರೆ. 19ರಂದು ನಡೆದದ್ದು ಬಜಾರಿನ ವ್ಯಾಪಾರಿಗಳು, ಮೌಲ್ವಿಗಳು, ಷಾ ಪರವಾದ ಅಧಿಕಾರಿಗಳು ಮತ್ತು ತುದೆ ಪಕ್ಷದ ಮೆರವಣಿಗೆಗಳನ್ನು ಕಂಡು ಬೆದರಿದ ಸಾಮಾನ್ಯ ಜನರು ಕೂಡಿ ಮಾಡಿದ್ದು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಅವರ ವಾದವನ್ನು ಬದಿಗೆ ತಳ್ಳಿ ಮುಂದೆ ಹೋಗುವುದು ನ್ಯಾಯವಲ್ಲ.

ಕಡತಪ್ರಿಯ

ಸಂದೇಹಿಯವರ ಆಕ್ಷೇಪ ಸಾರವತ್ತಾಗಿದೆ. ಇದನ್ನು ಊಹೆಯಿಂದಲ್ಲ, ದಾಖಲೆಯಿಂದಲೇ ಪರಿಶೀಲಿಸಬಹುದಾದದ್ದು 2017ರ ನಂತರ. ಆ ವರ್ಷದ ಜೂನ್ ತಿಂಗಳಲ್ಲಿ ವಿದೇಶಾಂಗ ಇಲಾಖೆಯ ಇತಿಹಾಸಕಾರರ ಕಚೇರಿ, 1989ರ ಸಂಪುಟಕ್ಕೆ ಪೂರಕವಾಗಿ ಅದೇ ಅವಧಿಯ ಮತ್ತೊಂದು ಸಂಪುಟವನ್ನು ಹೊರತಂದಿತು. ಹಿಂದೆ ಬಿಟ್ಟದ್ದನ್ನು ತುಂಬುವುದೇ ಅದರ ಉದ್ದೇಶವೆಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾರೆ.

ಆ ಸಂಪುಟದ ಪುಟವೊಂದು ಕಾಣುವ ರೀತಿಯನ್ನು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಹಲವರು ಅದನ್ನು ತೆರೆದು ನೋಡಿರಲಾರರು. ಮೇಲೆ ದಾಖಲೆಯ ಕ್ರಮಸಂಖ್ಯೆ, ಯಾರಿಂದ ಯಾರಿಗೆ ಎಂಬ ಸಾಲು, ಸ್ಥಳ, ದಿನಾಂಕ. ಅಡಿಟಿಪ್ಪಣಿಯಲ್ಲಿ ಮೂಲ ಕಾಗದ ಯಾವ ಸಂಗ್ರಹದ ಯಾವ ಪೆಟ್ಟಿಗೆಯಲ್ಲಿದೆ, ಅದರ ಮೇಲೆ ಯಾವ ದರ್ಜೆಯ ಗೋಪ್ಯತೆಯ ಮುದ್ರೆ ಇತ್ತು ಎಂಬ ವಿವರ. ಪಠ್ಯದ ನಡುವೆ ಅಲ್ಲಲ್ಲಿ ಚೌಕ ಆವರಣದೊಳಗೆ ಓರೆ ಅಕ್ಷರದಲ್ಲಿ ಇಷ್ಟು ಸಾಲು ಗೋಪ್ಯತೆಯಿಂದ ಬಿಡುಗಡೆಯಾಗಿಲ್ಲ ಎಂಬ ಸೂಚನೆ. 1989ರ ಸಂಪುಟಕ್ಕೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಈ ಸೂಚನೆಯಲ್ಲಿದೆ. ಹಿಂದಿನದರಲ್ಲಿ ಏನೋ ಇಲ್ಲವೆಂಬುದೇ ಓದುಗನಿಗೆ ತಿಳಿಯುತ್ತಿರಲಿಲ್ಲ. ಈಗ ಮುಚ್ಚಿಟ್ಟದ್ದು ಎಲ್ಲಿದೆ, ಎಷ್ಟುದ್ದವಿದೆ ಎಂಬುದಾದರೂ ಕಾಣುತ್ತದೆ.

ಈಗ ಆಗಸ್ಟ್ 16ರಿಂದ 19ರವರೆಗಿನ ದಾಖಲೆಗಳನ್ನು ನೋಡಿ. 18ರಂದು ಸಿಐಎ ಕೇಂದ್ರ ಕಚೇರಿ ಟೆಹರಾನಿಗೆ ಕಳುಹಿಸಿದ ಸಂದೇಶದ ಸಾರ ಇದು: ಪ್ರಯತ್ನ ಮಾಡಿದ್ದಾಯಿತು, ವಿಫಲವಾಯಿತು, ರೂಸ್‌ವೆಲ್ಟ್ ಮತ್ತು ಹೆಂಡರ್ಸನ್ ಇಬ್ಬರೂ ಬಲವಾಗಿ ಬೇರೆ ಶಿಫಾರಸು ಮಾಡದ ಹೊರತು ಮೊಸಾದೆಗ್ ವಿರುದ್ಧದ ಕಾರ್ಯಾಚರಣೆಯನ್ನು ನಿಲ್ಲಿಸತಕ್ಕದ್ದು. ಅದೇ ದಿನ ವಿದೇಶಾಂಗ ಇಲಾಖೆಯ ಉಪಮುಖ್ಯಸ್ಥ ವಾಲ್ಟರ್ ಬೆಡೆಲ್ ಸ್ಮಿತ್ ಅಧ್ಯಕ್ಷರಿಗೆ ಬರೆದ ಟಿಪ್ಪಣಿಯಲ್ಲಿ, ಇನ್ನು ಮೊಸಾದೆಗ್ ಅವರಿಗೇ ಹತ್ತಿರವಾಗಬೇಕಾದೀತು ಎಂಬ ಅರ್ಥದ ಮಾತಿದೆ. ಅಂದರೆ 19ರ ಬೆಳಿಗ್ಗೆ ಏನಾಗಲಿದೆ ಎಂಬುದು ವಾಷಿಂಗ್ಟನ್ನಿಗೆ ತಿಳಿದಿರಲಿಲ್ಲ. ಈ ಮಟ್ಟಿಗೆ ಸಂದೇಹಿಯವರ ವಾದಕ್ಕೆ ದಾಖಲೆಯೇ ಬಲ ಕೊಡುತ್ತದೆ.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ರೂಸ್‌ವೆಲ್ಟ್ ಟೆಹರಾನಿನಿಂದ ಕದಲಲಿಲ್ಲ. ಜಹೇದಿ ಅವರನ್ನು ಅಡಗಿಸಿಟ್ಟವರು ಅಮೆರಿಕದವರು. ಷಾ ಸಹಿ ಮಾಡಿದ ಫರ್ಮಾನುಗಳ ಪ್ರತಿ ತೆಗೆಸಿ ಹಂಚಿದ್ದು, ವಜಾಗೊಂಡವರು ಮೊಸಾದೆಗ್ ಎಂಬ ಸುದ್ದಿ ಪತ್ರಿಕೆಗಳಿಗೂ ಸೈನಿಕರಿಗೂ ತಲುಪುವಂತೆ ಮಾಡಿದ್ದು ಅವರ ಜಾಲ. ರಾಯಭಾರಿ ಹೆಂಡರ್ಸನ್ 18ರ ಸಂಜೆ ಮೊಸಾದೆಗ್ ಅವರನ್ನು ಕಂಡು, ಬೀದಿಯಲ್ಲಿ ಅಮೆರಿಕನ್ನರ ಮೇಲೆ ದಾಳಿಯಾಗುತ್ತಿದೆಯೆಂದು ದೂರಿದರು. ಆ ರಾತ್ರಿ ಪೊಲೀಸರು ತುದೆ ಗುಂಪುಗಳನ್ನು ಚದುರಿಸಿದರು, ಮರುದಿನ ಮೊಸಾದೆಗ್ ಪರವಾಗಿ ಬೀದಿಗಿಳಿಯಬಲ್ಲವರು ಇರಲಿಲ್ಲ. ಇರಾನಿನವರ ಅಸಮಾಧಾನ ನಿಜ. ಆ ಅಸಮಾಧಾನಕ್ಕೆ ಒಬ್ಬ ಸಿದ್ಧ ಪ್ರಧಾನಿಯನ್ನೂ ಒಂದು ರಾಜಾಜ್ಞೆಯನ್ನೂ ಹಣವನ್ನೂ ತಿಂಗಳುಗಟ್ಟಲೆಯ ಅಪಪ್ರಚಾರವನ್ನೂ ಒದಗಿಸಿದವರು ಹೊರಗಿನವರು ಎಂಬುದೂ ಅಷ್ಟೇ ನಿಜ. ಈ ಎರಡರ ಪ್ರಮಾಣವನ್ನು ತೂಗಿ ನೋಡುವ ಅವಕಾಶವನ್ನೇ 1989ರ ಸಂಪುಟ ಓದುಗರಿಂದ ಕಸಿದುಕೊಂಡಿತ್ತು. ನನ್ನ ದೂರು ಇರುವುದು ಅಲ್ಲಿ.

ಸಂದೇಹಿ

ಈ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ 18ರ ಸಂಜೆಯ ಭೇಟಿಯ ಪರಿಣಾಮದ ಬಗ್ಗೆ ಇಷ್ಟು ಖಚಿತವಾಗಿ ಹೇಳಬಾರದು. ತುದೆ ಪಕ್ಷ ಬೀದಿಯಿಂದ ಹಿಂದೆ ಸರಿದದ್ದಕ್ಕೆ ಆ ಪಕ್ಷದೊಳಗಿನ ಗೊಂದಲವೂ ಕಾರಣವಾಗಿತ್ತು.

ನೇತ್ರಾವತಿ ತೀರ

ಈ ಪ್ರಕರಣದಲ್ಲಿ ನಮ್ಮ ಕರಾವಳಿಯವರೊಬ್ಬರ ಪಾತ್ರವಿದೆ, ಅದು ಅಷ್ಟಾಗಿ ಚರ್ಚೆಯಾಗುವುದಿಲ್ಲವಾದ್ದರಿಂದ ಇಲ್ಲಿ ಸೇರಿಸುತ್ತೇನೆ. 1951ರ ಅಕ್ಟೋಬರಿನಲ್ಲಿ ಬ್ರಿಟನ್ ತೈಲ ವಿವಾದವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಾಗ, ಮೊಸಾದೆಗ್ ಸ್ವತಃ ನ್ಯೂಯಾರ್ಕಿಗೆ ಬಂದು ಇರಾನಿನ ಪರ ವಾದ ಮಂಡಿಸಿದರು. ಆ ಅವಧಿಯಲ್ಲಿ ಭಾರತವೂ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತು. ಭಾರತದ ಪ್ರತಿನಿಧಿಯಾಗಿ ಅಲ್ಲಿ ಕುಳಿತಿದ್ದವರು ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾವ್, ಅದಕ್ಕೆ ಕೆಲವೇ ವರ್ಷ ಹಿಂದೆ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ದುಡಿದಿದ್ದವರು.

ಬ್ರಿಟನ್ನಿನ ಮೂಲ ಕರಡು ನಿರ್ಣಯ ಬಿಗುವಾಗಿತ್ತು. ಭಾರತ ಮತ್ತು ಯುಗೊಸ್ಲಾವಿಯ ಜಂಟಿಯಾಗಿ ತಿದ್ದುಪಡಿಗಳನ್ನು ಸೂಚಿಸಿ ಅದನ್ನು ಸಡಿಲಗೊಳಿಸಿದವು, ಬ್ರಿಟನ್ ಅವನ್ನು ಒಪ್ಪಿಕೊಳ್ಳಬೇಕಾಯಿತು. ಕೊನೆಗೆ ನಿರ್ಣಯ ಮತಕ್ಕೇ ಬರಲಿಲ್ಲ. ಈ ವಿವಾದದಲ್ಲಿ ತನಗೆ ಅಧಿಕಾರವಿದೆಯೇ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಮಾನಿಸುವವರೆಗೆ ಚರ್ಚೆಯನ್ನು ಮುಂದೂಡಲಾಯಿತು. ಮರುವರ್ಷ ಜುಲೈ 22ರಂದು ನ್ಯಾಯಾಲಯ 9–5 ಮತಗಳಿಂದ ತನಗೆ ಅಧಿಕಾರವಿಲ್ಲವೆಂದು ತೀರ್ಪಿತ್ತಿತು. ಬ್ರಿಟಿಷ್ ನ್ಯಾಯಾಧೀಶ ಮೆಕ್‌ನೇರ್ ಅವರೂ ತಮ್ಮ ದೇಶದ ವಾದಕ್ಕೆ ವಿರುದ್ಧವಾಗಿ ಬಹುಮತದ ಜೊತೆಗೇ ನಿಂತರು. ಅದರ ಹಿಂದಿನ ದಿನವಷ್ಟೇ ಟೆಹರಾನಿನಲ್ಲಿ ಜನ ಬೀದಿಗಿಳಿದು, ರಾಜೀನಾಮೆ ಕೊಟ್ಟಿದ್ದ ಮೊಸಾದೆಗ್ ಮತ್ತೆ ಅಧಿಕಾರಕ್ಕೆ ಬರುವಂತೆ ಮಾಡಿದ್ದರು. ಕಾನೂನಿನ ಹಾದಿಯಲ್ಲಿ ಇರಾನ್ ಗೆದ್ದಿತ್ತು. ಆ ಹಾದಿ ಮುಚ್ಚಿಹೋದದ್ದರಿಂದಲೇ ಲಂಡನ್ ರಹಸ್ಯ ಹಾದಿಯತ್ತ ಇನ್ನಷ್ಟು ವಾಲಿತು ಎಂಬುದನ್ನು ಪತ್ರಾಗಾರ ಅವರು ಕೊಟ್ಟ ಕಾರಣಗಳ ಜೊತೆಗೆ ಸೇರಿಸಿಕೊಳ್ಳಬೇಕು.

ಪತ್ರಾಗಾರ

ನೇತ್ರಾವತಿ ತೀರ ಅವರ ಮಾತು ಸರಿ. ಈಗ 1990ರ ರಾಜೀನಾಮೆಯ ನಂತರ ಏನಾಯಿತು ಎಂಬ ಎಳೆಯನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ಈ ಚರ್ಚೆಯ ತಿರುಳು ಇರುವುದು ಇಲ್ಲಿ.

1991ರ ಅಕ್ಟೋಬರ್ 28ರಂದು ಜಾರ್ಜ್ ಬುಷ್ (ಹಿರಿಯ) ಸಹಿ ಮಾಡಿದ ಕಾನೂನು, ಅದುವರೆಗೆ ಇಲಾಖೆಯ ಆದೇಶದ ಬಲದಿಂದಷ್ಟೇ ನಡೆಯುತ್ತಿದ್ದ ಸರಣಿಗೆ ಶಾಸನದ ಬುನಾದಿ ಹಾಕಿತು. ಸಂಪುಟಗಳು ಸಮಗ್ರವೂ ನಿಖರವೂ ವಿಶ್ವಾಸಾರ್ಹವೂ ಆಗಿರಬೇಕು, ಘಟನೆ ನಡೆದ 30 ವರ್ಷಗಳೊಳಗೆ ಪ್ರಕಟವಾಗಬೇಕು, ಸಿಐಎ ಸೇರಿದಂತೆ ಎಲ್ಲ ಸಂಸ್ಥೆಗಳೂ ತಮ್ಮ ಕಡತಗಳನ್ನು ಇಲಾಖೆಯ ಇತಿಹಾಸಕಾರರಿಗೆ ತೆರೆಯಬೇಕು ಎಂದು ಅದು ವಿಧಿಸಿತು. ಇತಿಹಾಸಕಾರರು, ರಾಜ್ಯಶಾಸ್ತ್ರಜ್ಞರು, ಅಂತರರಾಷ್ಟ್ರೀಯ ಕಾನೂನು ತಜ್ಞರ ಸಂಘಗಳನ್ನು ಪ್ರತಿನಿಧಿಸುವ ಹೊರಗಿನ ವಿದ್ವಾಂಸರ ಸಲಹಾ ಸಮಿತಿಗೂ ಶಾಸನಬದ್ಧ ಸ್ಥಾನ ಸಿಕ್ಕಿತು. ಆ ಸಮಿತಿಯ ವಾರ್ಷಿಕ ವರದಿಗಳು ಸಾರ್ವಜನಿಕವಾಗಿ ಲಭ್ಯ. ನಿರ್ದಾಕ್ಷಿಣ್ಯವಾಗಿ ಬರೆದ ವರದಿಗಳು ಅವು.

ಕಾನೂನು ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ರಹಸ್ಯ ಕಾರ್ಯಾಚರಣೆಗಳ ಹಳೆಯ ಕಡತಗಳನ್ನು ತೆರೆಯುವುದಾಗಿ ಸಿಐಎ ಮುಖ್ಯಸ್ಥರು 1990ರ ದಶಕದ ಆರಂಭದಲ್ಲಿ ಮಾತು ಕೊಟ್ಟರು. ಆದರೆ ಇರಾನ್ ಕಾರ್ಯಾಚರಣೆಯ ಬಹುಪಾಲು ಕಡತಗಳನ್ನು 1960ರ ದಶಕದ ಆರಂಭದಲ್ಲಿಯೇ ನಾಶಪಡಿಸಲಾಗಿತ್ತೆಂಬುದು 1997ರಲ್ಲಿ ಬಯಲಾಯಿತು. 2000ದಲ್ಲಿ, 1954ರಲ್ಲೇ ಬರೆಯಲಾಗಿದ್ದ ಸಿಐಎಯ ಆಂತರಿಕ ವರದಿ ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸೋರಿಕೆಯಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವೆ ಮ್ಯಾಡೆಲಿನ್ ಆಲ್‌ಬ್ರೈಟ್, 2009ರಲ್ಲಿ ಕೈರೋದಲ್ಲಿ ಅಧ್ಯಕ್ಷ ಒಬಾಮಾ ತಮ್ಮ ದೇಶದ ಪಾತ್ರವನ್ನು ಸಾರ್ವಜನಿಕವಾಗಿ ಒಪ್ಪಿಕೊಂಡರು. ಅಷ್ಟಾದರೂ ಸಂಪುಟ ಹೊರಬರಲಿಲ್ಲ. ಅದು ಬಹುಮಟ್ಟಿಗೆ ಸಿದ್ಧವಿದ್ದಾಗಲೂ, ಇರಾನಿನೊಂದಿಗಿನ ಅಣು ಮಾತುಕತೆಗೆ ತೊಂದರೆಯಾದೀತೆಂದು ಇಲಾಖೆ ತಡೆಹಿಡಿದದ್ದನ್ನು ಸಲಹಾ ಸಮಿತಿಯೇ ತನ್ನ ವರದಿಯಲ್ಲಿ ಖಂಡಿಸಿದೆ. 30 ವರ್ಷಗಳ ಗಡುವಿನ ಬದಲು ಈ ಸಂಪುಟಕ್ಕೆ 64 ವರ್ಷ ಹಿಡಿಯಿತು.

ಇರಾನ್ ಒಂದೇ ಅಲ್ಲ. 1954ರಲ್ಲಿ ಗ್ವಾಟೆಮಾಲಾದಲ್ಲಿ ಅರ್ಬೆಂಜ್ ಸರ್ಕಾರವನ್ನು ಉರುಳಿಸಿದ ಕಾರ್ಯಾಚರಣೆಗೂ 2003ರಲ್ಲಿ, ಕಾಂಗೋ ಪ್ರಕರಣಕ್ಕೂ 2013ರಲ್ಲಿ ಇಂಥದ್ದೇ ಪೂರಕ ಸಂಪುಟಗಳು ಬಂದವು. 2001ರಲ್ಲಿ ಇಂಡೊನೇಷ್ಯಾ ಕುರಿತ ಸಂಪುಟ ಅಚ್ಚಾಗಿ ಗ್ರಂಥಾಲಯಗಳಿಗೆ ತಲುಪಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಸರ್ಕಾರ ಯತ್ನಿಸಿತು. ಅಷ್ಟರಲ್ಲಿ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಖಾಸಗಿ ಸಂಶೋಧನಾ ಸಂಸ್ಥೆ ಅದನ್ನು ಅಂತರಜಾಲದಲ್ಲಿ ಹಾಕಿಬಿಟ್ಟಿತು.

ಬಯಲುಸೀಮೆಯವ

ಹಾಗಾದರೆ ಭಾರತಕ್ಕೆ ಸಂಬಂಧಿಸಿದ ಸಂಪುಟಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅವುಗಳಲ್ಲೂ ಇಂಥ ಖಾಲಿ ಜಾಗಗಳು ಇರಬಹುದಲ್ಲವೇ?

ಪತ್ರಾಗಾರ

1971ರ ಬಾಂಗ್ಲಾದೇಶ ಯುದ್ಧದ ಕುರಿತ ಸಂಪುಟ 2005ರಲ್ಲಿ ಬಂತು. ನಿಕ್ಸನ್ ಶ್ವೇತಭವನದ ಧ್ವನಿಮುದ್ರಿಕೆಗಳ ಲಿಖಿತ ರೂಪ ಅದರಲ್ಲಿದೆ. ಇಂದಿರಾ ಗಾಂಧಿಯವರ ಬಗ್ಗೆಯೂ ಭಾರತೀಯರ ಬಗ್ಗೆಯೂ ನಿಕ್ಸನ್ ಮತ್ತು ಕಿಸಿಂಜರ್ ಆಡಿದ ಕೀಳು ಮಾತುಗಳು ಹೊರಬಿದ್ದದ್ದು ಹೀಗೆ. ಕಿಸಿಂಜರ್ ಆಗ ವಿಷಾದ ವ್ಯಕ್ತಪಡಿಸಬೇಕಾಯಿತು. ಅಧ್ಯಕ್ಷರೊಬ್ಬರ ಖಾಸಗಿ ನಿಂದನೆಯನ್ನು ಅವರದೇ ಸರ್ಕಾರ ಅಚ್ಚುಹಾಕಿತೆಂಬುದನ್ನು ಸರಣಿಯ ಹೆಗ್ಗಳಿಕೆಯೆಂದೇ ನಾನು ಎಣಿಸುತ್ತೇನೆ. ನಮ್ಮಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಅದರ ನಿಯಮಗಳೂ 25 ವರ್ಷ ಮೀರಿದ ಕಡತಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸುವ ವ್ಯವಸ್ಥೆ ಮಾಡಿವೆ. ಆದರೆ 1962ರ ಚೀನಾ ಯುದ್ಧದಲ್ಲಾದ ಸೋಲಿನ ಬಗ್ಗೆ ಸೇನೆ ನಡೆಸಿದ ತನಿಖೆಯ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ಹೀಗಾಗಿ 1971ರ ಕುರಿತು ಬರೆಯುವ ಭಾರತೀಯ ವಿದ್ವಾಂಸರೂ ವಾಷಿಂಗ್ಟನ್ನಿನ ಕಾಗದಗಳನ್ನು ಆಶ್ರಯಿಸಬೇಕಾಗುತ್ತದೆ, ಅಂದರೆ ಅಲ್ಲಿನ ಅಧಿಕಾರಿಗಳಿಗೆ ಮುಖ್ಯವೆನಿಸಿದ್ದೇ ನಮ್ಮ ಇತಿಹಾಸದಲ್ಲೂ ಮುಖ್ಯವಾಗಿಬಿಡುವ ಅಪಾಯವಿದೆ.

ಕಡತಪ್ರಿಯ

ಇರಾನಿನ ಮಟ್ಟಿಗೆ ಈ ಮೌನಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. 1979ರ ಅಕ್ಟೋಬರ್ 22ರಂದು, ಅಧಿಕಾರ ಕಳೆದುಕೊಂಡಿದ್ದ ಷಾ ಅವರನ್ನು ಚಿಕಿತ್ಸೆಗೆಂದು ಅಮೆರಿಕ ತನ್ನ ನೆಲಕ್ಕೆ ಬರಗೊಟ್ಟಿತು. ಟೆಹರಾನಿನಲ್ಲಿ ಇದನ್ನು ಚಿಕಿತ್ಸೆಯೆಂದು ನಂಬಿದವರು ಕಡಿಮೆ. 1953ರಲ್ಲಿ ಓಡಿಹೋದ ಷಾ ಅವರನ್ನು ಮರಳಿ ಕೂರಿಸಿದವರು ಇನ್ನೊಮ್ಮೆ ಅದನ್ನೇ ಮಾಡಲಿದ್ದಾರೆಂಬ ಭಯ ಅಲ್ಲಿ ವ್ಯಾಪಕವಾಗಿತ್ತು. ನವೆಂಬರ್ 4ರಂದು ವಿದ್ಯಾರ್ಥಿಗಳು ರಾಯಭಾರ ಕಚೇರಿಗೆ ನುಗ್ಗಿದರು, 52 ಮಂದಿ 444 ದಿನ ಒತ್ತೆಯಾಳುಗಳಾಗಿದ್ದರು. 1980ರ ಫೆಬ್ರವರಿಯಲ್ಲಿ ಪತ್ರಕರ್ತರೊಬ್ಬರು 1953ರ ಬಗ್ಗೆ ಕೇಳಿದಾಗ ಅಧ್ಯಕ್ಷ ಕಾರ್ಟರ್, ಅದೆಲ್ಲ ಪುರಾತನ ಇತಿಹಾಸ ಎಂದು ಉತ್ತರಿಸಿದರು. ಅಮೆರಿಕದ ಸಾಮಾನ್ಯ ಜನರಿಗೆ ತಮ್ಮವರ ಮೇಲೆ ಆ ದೇಶಕ್ಕೆ ಇಷ್ಟೊಂದು ಸಿಟ್ಟೇಕೆ ಎಂಬುದು ಅರ್ಥವಾಗಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಒತ್ತೆಯಾಳುಗಳನ್ನು ಹಿಡಿದಿಟ್ಟದ್ದನ್ನು ಇದು ಸಮರ್ಥಿಸುವುದಿಲ್ಲ; ಆ 52 ಮಂದಿಯಲ್ಲಿ 1953ಕ್ಕೆ ಹೊಣೆಯಾದವರು ಯಾರೂ ಇರಲಿಲ್ಲ.

ದಾಖಲೆಗಳ ದೃಷ್ಟಿಯಿಂದ ಇನ್ನೊಂದು ಸಂಗತಿಯೂ ಇಲ್ಲಿದೆ. ಕಚೇರಿಯನ್ನು ವಶಪಡಿಸಿಕೊಳ್ಳುವ ಹೊತ್ತಿಗೆ ಸಿಬ್ಬಂದಿ ಗೋಪ್ಯ ಕಾಗದಗಳನ್ನು ಯಂತ್ರಕ್ಕೆ ಹಾಕಿ ಸೀಳಿದ್ದರು. ವಿದ್ಯಾರ್ಥಿಗಳು, ರತ್ನಗಂಬಳಿ ನೇಯುವವರ ನೆರವನ್ನೂ ಪಡೆದು, ಆ ಸಣ್ಣ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ ಪುಟಗಳನ್ನು ಮರಳಿ ಕಟ್ಟಿದರು ಮತ್ತು ಹತ್ತಾರು ಸಂಪುಟಗಳಲ್ಲಿ ಪ್ರಕಟಿಸಿದರು. ಹೀಗೆ ಅಮೆರಿಕದ ವಿದೇಶಾಂಗ ಕಡತಗಳ ಒಂದು ಭಾಗ ಅಮೆರಿಕದ ಯಾವ ಸಂಪಾದಕರ ಅನುಮತಿಯೂ ಇಲ್ಲದೆ ಟೆಹರಾನಿನ ಪುಸ್ತಕದಂಗಡಿಗಳಿಗೆ ಬಂತು. ಅವೂ ಆಯ್ಕೆ ಮಾಡಿ ಪ್ರಕಟಿಸಿದವೇ. ಅಮೆರಿಕದೊಂದಿಗೆ ಸಂಪರ್ಕವಿಟ್ಟುಕೊಂಡಿದ್ದ ಮಿತವಾದಿ ರಾಜಕಾರಣಿಗಳನ್ನು ಹಣಿಯಲು ಅವನ್ನು ಬಳಸಲಾಯಿತು. ಆದ್ದರಿಂದ ಅವನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಬಯಲುಸೀಮೆಯವ

ಓದಲು ಆರಂಭಿಸಬೇಕೆಂದಿದ್ದೇನೆ. ಎಲ್ಲಿಂದ ಹಿಡಿಯಲಿ?

ಕಡತಪ್ರಿಯ

ಎರಡೂ ಸಂಪುಟಗಳು ವಿದೇಶಾಂಗ ಇಲಾಖೆಯ ಇತಿಹಾಸಕಾರರ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಪುಟದಿಂದ ಹಿಡಿಯಬೇಡಿ, ಸೋತುಹೋಗುತ್ತೀರಿ. ಎರಡನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟು, 1953ರ ಆಗಸ್ಟ್ 16, 17, 18 ಮತ್ತು 19ರ ದಾಖಲೆಗಳನ್ನು ದಿನಾಂಕಕ್ಕೆ ದಿನಾಂಕ ಹೊಂದಿಸಿ ಓದಿ. ಹೆಂಡರ್ಸನ್ ಅವರ ತಂತಿಗಳನ್ನು ಮೊದಲು ಹಳೆಯ ಸಂಪುಟದಲ್ಲಿ ಓದಿ, ಆಮೇಲೆ ಅದೇ ಗಂಟೆಗಳಲ್ಲಿ ಸಿಐಎ ಕಚೇರಿಯಿಂದ ಹೋದ ಸಂದೇಶಗಳನ್ನು ಹೊಸದರಲ್ಲಿ ನೋಡಿ. ಅಡಿಟಿಪ್ಪಣಿಗಳನ್ನು ಬಿಡಬೇಡಿ. ಸಂದೇಹಿಯವರು ಎತ್ತಿದ 18ರ ಸಂಜೆಯ ಭೇಟಿಯ ಬಗ್ಗೆ ನಿಮಗೆ ಏನು ತೋರುತ್ತದೆಂದು ಓದಿದ ಮೇಲೆ ಇಲ್ಲಿಯೇ ಬರೆಯಿರಿ, ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.